ಮೂರು ಕೂಗಿನ ಬ್ರೌನಿ

ಮೈಕ್ರೋವೇವ್ ಒಲೆಯ ಮುಂದೆ ನಿಂತ ಮನುಷ್ಯನನ್ನು ನೀವು ಎಂದಾದರೂ ಗಮನಿಸಿ ನೋಡಿದ್ದೀರಾ? ಒಳಗಿರುವುದು ಬೆಳಗಿನ ಉಪ್ಪಿಟ್ಟೇ ಆಗಿರಲಿ, ಆರಿಹೋದ ಕಾಫಿಯೇ ಆಗಿರಲಿ, ಅವನು ಕೈಕಟ್ಟಿಕೊಂಡು, ಸೊಂಟವನ್ನು ಕೊಂಚ ಬಗ್ಗಿಸಿ, ಆ ಗಾಜಿನ ಬಾಗಿಲಿನೊಳಗೆ ದೃಷ್ಟಿ ನೆಟ್ಟು ನಿಂತುಬಿಡುತ್ತಾನೆ. ಬಸ್ಸಿಗೆ ಕಾಯುವಾಗ ಪತ್ರಿಕೆ ಓದುವವನು, ಡಾಕ್ಟರಿಗೆ ಕಾಯುವಾಗ ಪಕ್ಕದವರ ಕಾಯಿಲೆಯನ್ನೂ ಕೂಲಂಕಷವಾಗಿ ವಿಚಾರಿಸಿಕೊಳ್ಳುವವನು, ಇಲ್ಲಿ ಮಾತ್ರ ಒಂದು ನಿಮಿಷದ ಮಟ್ಟಿಗೆ ಬೇರೆ ಯಾವ ಲೌಕಿಕ ವ್ಯವಹಾರಕ್ಕೂ ಒದಗುವುದಿಲ್ಲ. ದೇವಸ್ಥಾನದಲ್ಲಿ ದೇವರು ಸ್ಥಿರವಾಗಿರುತ್ತಾನೆ, ಭಕ್ತರು ಪ್ರದಕ್ಷಿಣೆ ಹಾಕುತ್ತಾರೆ. ಇಲ್ಲಿ ಉಪ್ಪಿಟ್ಟು ಪ್ರದಕ್ಷಿಣೆ ಹಾಕುತ್ತದೆ, ಭಕ್ತ ಸ್ಥಿರವಾಗಿರುತ್ತಾನೆ. ನಾನೂ ಈ ಭಂಗಿಯಲ್ಲಿ ಎಷ್ಟೋ ಸಲ ಮನೆಯವರ ಕೈಗೆ ಸಿಕ್ಕಿಬಿದ್ದವನೇ ಆದ್ದರಿಂದ ನಗುವ ಅಧಿಕಾರ ನನಗಿಲ್ಲ. ಆದರೆ ಈ ಯಂತ್ರ ಮೊದಲು ನಮ್ಮ ಮನೆಗೆ ಬಂದಾಗ ಅದರ ಮುಂದೆ ಹೀಗೆ ನಿಂತವರು ಒಬ್ಬಿಬ್ಬರಲ್ಲ, ಅರ್ಧ ಬೀದಿಯೇ ನಿಂತಿತ್ತು ಎಂಬುದನ್ನು ನಿಮಗೆ ಹೇಳಬೇಕೆನ್ನಿಸುತ್ತದೆ.

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾವು ಆರ್.ಟಿ. ನಗರದಲ್ಲಿದ್ದೆವು. ನಾವು ಎಂದರೆ ನಾನು, ನನ್ನ ಹೆಂಡತಿ ಸರೋಜ, ನಾಲ್ಕನೆಯ ಕ್ಲಾಸಿನ ಮಗಳು ಚಿತ್ರಾ, ಇನ್ನೂ ಅಕ್ಷರಗಳೊಡನೆ ಯುದ್ಧ ಸಾರಿದ್ದ ಮಗ ಪುಟ್ಟು, ಮತ್ತು ಇವರೆಲ್ಲರ ಮೇಲೆ ಏಕಚಕ್ರಾಧಿಪತ್ಯ ನಡೆಸುತ್ತಿದ್ದ ನನ್ನ ಅಮ್ಮ. ನಾನು ಜಾಲಹಳ್ಳಿಯ ಕಡೆಯ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೆ. ಕಾರ್ಖಾನೆ ಎಂದೊಡನೆ ಜನ ನನ್ನನ್ನು ಯಂತ್ರಕೋವಿದನೆಂದು ಭಾವಿಸುತ್ತಿದ್ದರು. ನಾನಿದ್ದದ್ದು ರಜೆ ಅರ್ಜಿಗಳಿಗೆ ಮೊಹರು ಹಾಕುವ ವಿಭಾಗದಲ್ಲಿ ಎಂಬುದನ್ನು ಕೇಳದೆ ಯಾರಿಗೂ ಹೇಳುತ್ತಿರಲಿಲ್ಲ. ಬೀದಿಯಲ್ಲಿ ಯಾರ ಮನೆಯ ಮಿಕ್ಸಿ ಕೆಟ್ಟರೂ ನನ್ನನ್ನು ಕರೆಯುತ್ತಿದ್ದರು. ನಾನು ಹೋಗಿ, ಅದನ್ನು ಎತ್ತಿ, ಅಲುಗಾಡಿಸಿ, ಗಂಭೀರವಾಗಿ ತಲೆಯಾಡಿಸಿ, ಇದನ್ನು ರಿಪೇರಿ ಅಂಗಡಿಗೆ ಕೊಡಬೇಕು ಎಂದು ತೀರ್ಪು ಕೊಟ್ಟು, ಕಾಫಿ ಕುಡಿದು ಬರುತ್ತಿದ್ದೆ.

ಇಂಥ ಖ್ಯಾತಿಯಿದ್ದ ಮನೆಗೆ ಮಸ್ಕತ್‌ನಲ್ಲಿದ್ದ ನನ್ನ ಭಾವಮೈದ ರಘು ರಜೆಗೆ ಬಂದವನು ಒಂದು ದೊಡ್ಡ ರಟ್ಟಿನ ಪೆಟ್ಟಿಗೆಯನ್ನು ಹೊತ್ತು ತಂದ. ಗಲ್ಫಿನಿಂದ ಬರುವವರು ಟೂ-ಇನ್-ವನ್ ರೇಡಿಯೋ ತರುವುದು, ಸೀರೆ ತರುವುದು, ಸುವಾಸನೆಯ ಸೋಪು ತರುವುದು ಲೋಕರೂಢಿ. ನಾವೂ ಅದೇ ನಿರೀಕ್ಷೆಯಲ್ಲಿ ಪೆಟ್ಟಿಗೆಯ ಸುತ್ತ ಕೂತಿದ್ದೆವು. ಥರ್ಮೋಕೋಲಿನ ಚೂರುಗಳ ನಡುವಿನಿಂದ ಟೀವಿಯ ತಮ್ಮನಂಥ ಒಂದು ಬಿಳಿಯ ಡಬ್ಬ ಹೊರಬಂದಾಗ ಪುಟ್ಟು, "ಇದ್ರಲ್ಲಿ ಕ್ರಿಕೆಟ್ ಬರುತ್ತಾ ಮಾಮ?" ಎಂದು ಕೇಳಿದ್ದು ತೀರ ಸಹಜವಾಗಿತ್ತು.

ಬೆಂಕಿಯಿಲ್ಲ, ಸೀಮೆಎಣ್ಣೆಯಿಲ್ಲ, ಗ್ಯಾಸಿಲ್ಲ, ಹೊಗೆಯಿಲ್ಲ, ಆದರೂ ಒಳಗಿಟ್ಟದ್ದು ಬೇಯುತ್ತದೆ ಎಂದು ರಘು ವಿವರಿಸಿದ. ಅಮ್ಮ ಅವನನ್ನು ಕನಿಕರದಿಂದ ನೋಡಿದಳು. ಮರಳುಗಾಡಿನ ಬಿಸಿಲಿಗೆ ಹುಡುಗನ ತಲೆಗೆ ಏನೋ ಆಗಿದೆ ಎಂಬ ಭಾವ ಅವಳ ಮುಖದಲ್ಲಿತ್ತು.

"ಬೆಂಕಿ ಇಲ್ದೆ ಉರಿಯೋದು ಪಕ್ಕದ್ಮನೆಯವರ ಹೊಟ್ಟೆ ಒಂದೇ ಕಣೋ ರಘು," ಎಂದಳು.

ಆದರೂ ಬಂದ ಅತಿಥಿಗೆ ಮರ್ಯಾದೆ ಮಾಡದಿರಲಾದೀತೆ? ಅಂದು ಶುಕ್ರವಾರ ಬೇರೆ. ಬಿಳಿಯ ಡಬ್ಬದ ನೆತ್ತಿಗೆ ಅರಿಸಿನ ಕುಂಕುಮ ಬಿತ್ತು, ಬಾಗಿಲ ಹಿಡಿಗೆ ಕನಕಾಂಬರದ ದಂಡೆ ಸುತ್ತಿಕೊಂಡಿತು, ಆರತಿಯೂ ಆಯಿತು. ಅಡಿಗೆಮನೆಯಲ್ಲಿ ದಪ್ಪ ಪಿನ್ನಿನ ಪ್ಲಗ್ಗು ಇರಲಿಲ್ಲವಾದ್ದರಿಂದ ಇಸ್ತ್ರಿ ಪೆಟ್ಟಿಗೆಗೆಂದು ಹಾಲಿನಲ್ಲಿ ಹಾಕಿಸಿದ್ದ ಪ್ಲಗ್ಗಿನ ಬಳಿ, ಟೀವಿಯ ಪಕ್ಕದಲ್ಲೇ ಅದಕ್ಕೆ ಪೀಠ ಸಿದ್ಧವಾಯಿತು. ಹೀಗಾಗಿ ಬಂದವರೆಲ್ಲರ ಕಣ್ಣಿಗೆ ಅದು ಬೀಳುತ್ತಿತ್ತು. ಬೀಳದವರ ಕಣ್ಣಿಗೆ ನಾನೇ ಬೀಳಿಸುತ್ತಿದ್ದೆ. ಒಂದು ಲೋಟ ನೀರನ್ನು ಒಳಗಿಟ್ಟು ಕುದಿಸಿ ತೋರಿಸುವುದು ನನ್ನ ಸಂಜೆಯ ಕಾರ್ಯಕ್ರಮವಾಯಿತು. ಜನ ಬಂದು, ನೀರು ಕುದಿಯುವುದನ್ನು ಜೀವಮಾನದಲ್ಲಿ ಮೊದಲ ಸಲ ನೋಡುವವರಂತೆ ನೋಡಿ, ತಲೆದೂಗಿ ಹೋಗುತ್ತಿದ್ದರು. ಅಮ್ಮ ಅದಕ್ಕೆ "ಮಸ್ಕತ್ ಒಲೆ" ಎಂದು ನಾಮಕರಣ ಮಾಡಿದಳು. ಆ ಒಲೆಯಲ್ಲಿ ನೀರಲ್ಲದೆ ಬೇರೇನನ್ನಾದರೂ ಬೇಯಿಸಬೇಕೆಂಬ ಯೋಚನೆ ಮಾತ್ರ ನಮ್ಮಲ್ಲಿ ಯಾರಿಗೂ ಬಂದಿರಲಿಲ್ಲ.

ಬಂದದ್ದು ಚಿತ್ರಾಳಿಗೆ. ಯಂತ್ರದ ಜೊತೆಯಲ್ಲಿ ಬಂದಿದ್ದ ಪುಸ್ತಿಕೆಯಲ್ಲಿ ಒಂದು ಚಿತ್ರವಿತ್ತು: ಬಿಳಿಯ ತಟ್ಟೆಯ ಮೇಲೆ ಚೌಕಾಕಾರದ, ಕಡುಕಪ್ಪು ಬಣ್ಣದ ಒಂದು ತುಂಡು. ಕೆಳಗೆ ಬ್ರೌನಿ ಎಂದು ಬರೆದಿತ್ತು, ಐದೇ ನಿಮಿಷ ಸಾಕು ಎಂದೂ ಬರೆದಿತ್ತು. ಅದನ್ನು ನೋಡಿದ ಅಮ್ಮ, "ಯಾರೋ ಪಾಪ, ಹೋಳಿಗೆ ಸೀಸಿದ್ದಾರೆ," ಎಂದು ಮರುಗಿದಳು. ಚಿತ್ರಾ ಮಾತ್ರ ಆ ಪುಸ್ತಿಕೆಯನ್ನು ಪಾಟೀಚೀಲದಲ್ಲಿಟ್ಟುಕೊಂಡು ಸ್ಕೂಲಿಗೆ ಹೋಗಿ, ನಮ್ಮ ಮನೆಯಲ್ಲಿ ಚಾಕೊಲೇಟ್ ಕೇಕು ಐದು ನಿಮಿಷಕ್ಕೆ ಆಗುತ್ತದೆ, ನಾವು ದಿನವೂ ಅದನ್ನೇ ತಿನ್ನುವುದು ಎಂದು ಇಡೀ ಕ್ಲಾಸಿಗೆ ಸಾರಿ ಬಂದಳು.

ಇಂಥ ಮಾತು ನಂಬುವ ವಯಸ್ಸು ಒಂದಿರುತ್ತದೆ, ಆದರೆ ಅದು ನಾಲ್ಕನೆಯ ಕ್ಲಾಸಿಗೆ ಬರುವಷ್ಟರಲ್ಲಿ ಮುಗಿದುಹೋಗಿರುತ್ತದೆ. ಅದರಲ್ಲೂ ಅವರ ಕ್ಲಾಸಿನಲ್ಲಿ ವಾಣಿ ಎಂಬ ಹುಡುಗಿಯೊಬ್ಬಳಿದ್ದಳು. ಎರಡು ಬಿಗಿಯಾದ ಜಡೆ, ಅದಕ್ಕಿಂತ ಬಿಗಿಯಾದ ತರ್ಕ. ಕೇಕು ಮಾಡಲು ಬೇಕರಿಯವರಿಗೇ ಒಂದು ದಿನ ಹಿಡಿಯುತ್ತದೆ, ನಿಮ್ಮ ಮನೆಯಲ್ಲಿ ಐದು ನಿಮಿಷಕ್ಕೆ ಹೇಗಾಗುತ್ತದೆ, ಭಾನುವಾರ ಮಧ್ಯಾಹ್ನ ನಾವೆಲ್ಲ ಬರುತ್ತೇವೆ, ಮಾಡಿ ತೋರಿಸು ಎಂದು ಅವಳು ಸವಾಲು ಹಾಕಿದಳಂತೆ. ತೋರಿಸದೆ ಹೋದರೆ? ಹೋದರೆ ಅಂದಿನಿಂದ ಮಗಳ ಹೆಸರು "ಬುರುಡೆ ಚಿತ್ರಾ".

ಇದನ್ನು ಹೇಳುವಾಗ ಚಿತ್ರಾಳ ಕೆಳತುಟಿ ನಡುಗುತ್ತಿತ್ತು. ನಾನು ನಗಲು ಹೊರಟವನು ಸುಮ್ಮನಾದೆ. ದೊಡ್ಡವರಿಗೆ ಒಂದು ಅಡ್ಡಹೆಸರು ಬಿದ್ದರೆ ಮನೆ ಬದಲಾಯಿಸಬಹುದು, ಆಫೀಸಿನಲ್ಲಿ ವರ್ಗ ಮಾಡಿಸಿಕೊಳ್ಳಬಹುದು. ನಾಲ್ಕನೆಯ ಕ್ಲಾಸಿನ ಹುಡುಗಿ ಎಲ್ಲಿಗೆ ಹೋಗಬೇಕು? ಅದೇ ಬೆಂಚು, ಅದೇ ಬೀದಿ, ಹತ್ತನೆಯ ಕ್ಲಾಸಿನವರೆಗೂ ಅದೇ ವಾಣಿ. ಪ್ರೈಮರಿಯಲ್ಲಿ ನನಗೆ "ಸೋರೆಕಾಯಿ" ಎಂದು ಹೆಸರಿಟ್ಟವನು ನನ್ನ ಮದುವೆಗೆ ಬಂದು, ಮಂಟಪದಲ್ಲಿ ಕೂತಿದ್ದ ನನ್ನನ್ನು ಅದೇ ಹೆಸರಿನಿಂದ ಕೂಗಿ ಹರಸಿಹೋಗಿದ್ದ. ಆದ್ದರಿಂದ ಪರಿಸ್ಥಿತಿಯ ಗಾಂಭೀರ್ಯ ನನಗೆ ಚೆನ್ನಾಗಿ ಗೊತ್ತಿತ್ತು. ಮಗಳ ಮಾನಕ್ಕಾಗಿ ಬ್ರೌನಿ ಆಗಲೇಬೇಕು ಎಂದು ಮನೆಯಲ್ಲಿ ಠರಾವಾಯಿತು.

ಸಾಮಗ್ರಿ ಹೊಂಚುವ ಸಾಹಸ ಶುರುವಾಯಿತು. ಮೈದಾ, ಸಕ್ಕರೆ ಮನೆಯಲ್ಲಿದ್ದವು. ಬೆಣ್ಣೆಯನ್ನು ಅಮ್ಮ ಕಡೆದು ಕೊಡುವುದಾಗಿ ಒಪ್ಪಿದಳು. ಕೋಕೋ ಪುಡಿ ಎಂಬುದು ಮಾತ್ರ ನಮ್ಮ ಬಡಾವಣೆಯ ಯಾವ ಅಂಗಡಿಯಲ್ಲೂ ಇರಲಿಲ್ಲ. ಒಬ್ಬ ದಿನಸಿ ಅಂಗಡಿಯವರು ಅದು ಆಯುರ್ವೇದದ್ದಿರಬೇಕು ಸಾರ್ ಎಂದು ದಾರಿ ತೋರಿಸಿದರು. ಕಡೆಗೆ ಯಶವಂತಪುರದ ಮಾರ್ಕೆಟ್ಟಿನ ಬಳಿಯ ಬೇಕರಿಯವರೊಬ್ಬರು ನನ್ನ ಕಥೆಯನ್ನೆಲ್ಲ ಕೇಳಿ, ಮಗುವಿನ ಮರ್ಯಾದೆಯ ಪ್ರಶ್ನೆ ಎಂದಾಗ ಕರಗಿ, ತಮ್ಮ ಡಬ್ಬದಿಂದ ಒಂದಿಷ್ಟು ಪುಡಿಯನ್ನು ಪೊಟ್ಟಣ ಕಟ್ಟಿಕೊಟ್ಟರು. ಅದು ಒಂದೇ ಒಂದು ಸಲಕ್ಕೆ ಸಾಕಾಗುವಷ್ಟಿತ್ತು.

ಪುಸ್ತಿಕೆಯಲ್ಲಿ ಮೊಟ್ಟೆ ಎಂದಿದ್ದದ್ದನ್ನು ಸರೋಜ ಓದಲೇ ಇಲ್ಲ. ಓದುವ ಸಾಲಿನಿಂದ ಮುಂದಿನ ಸಾಲಿಗೆ ಜಿಗಿದುಬಿಟ್ಟಳು. ಅದರ ಜಾಗದಲ್ಲಿ ಮೊಸರು, ಚಿಟಿಕೆ ಸೋಡ. ಇದಕ್ಕಿಂತ ದೊಡ್ಡ ತೊಡಕು ಪಾತ್ರೆಯದು. ಲೋಹದ ಪಾತ್ರೆ ಒಳಗಿಡಕೂಡದು ಎಂದು ರಘು ಹೊರಡುವ ಮುಂಚೆ ಹತ್ತಾರು ಸಲ ಹೇಳಿದ್ದ. ನಮ್ಮ ಮನೆಯಲ್ಲಿ ಲೋಹವಲ್ಲದ ಪಾತ್ರೆ ಯಾವುದಿತ್ತು? ಲೋಟ ಸ್ಟೀಲು, ತಟ್ಟೆ ಸ್ಟೀಲು, ಡಬ್ಬ ಸ್ಟೀಲು, ಎಲ್ಲದರ ಮೇಲೂ ಕೊಟ್ಟವರ ಹೆಸರು ಕೊರೆಸಿದ ಸ್ಟೀಲು. ನೀರು ಕುದಿಸಿ ತೋರಿಸುತ್ತಿದ್ದದ್ದು ಮನೆಯಲ್ಲಿದ್ದ ಏಕೈಕ ಗಾಜಿನ ಲೋಟದಲ್ಲಿ. ಉಪ್ಪಿನಕಾಯಿಯ ಪಿಂಗಾಣಿ ಜಾಡಿಯನ್ನು ನಾನು ದಿಟ್ಟಿಸಿದ್ದನ್ನು ಕಂಡು ಅಮ್ಮ ಅದನ್ನು ಅಟ್ಟದ ಮೇಲಕ್ಕೆ ಸಾಗಿಸಿದಳು.

ಆಗ ಎಲ್ಲರ ಕಣ್ಣೂ ಒಟ್ಟಿಗೇ ಷೋಕೇಸಿನ ಕಡೆ ತಿರುಗಿತು. ನಿಮ್ಮ ಮನೆಯಲ್ಲೂ ಇದ್ದಿರಬೇಕು, ಆ ಕಾಲದ ಎಲ್ಲ ಮನೆಗಳಲ್ಲೂ ಇರುತ್ತಿತ್ತು: ಮದುವೆಯಲ್ಲಿ ಉಡುಗೊರೆಯಾಗಿ ಬಂದ ಪುಡ್ಡಿಂಗ್ ಸೆಟ್ಟು. ಒಂದು ದೊಡ್ಡ ಗಾಜಿನ ಬಟ್ಟಲು, ಅದರ ಸುತ್ತ ಮರಿ ಬಟ್ಟಲುಗಳು. ಪುಡ್ಡಿಂಗ್ ಎಂದರೇನೆಂದು ಕೊಟ್ಟವರಿಗೂ ಗೊತ್ತಿರಲಿಲ್ಲ, ತೆಗೆದುಕೊಂಡವರಿಗೂ ಗೊತ್ತಿರಲಿಲ್ಲ. ಅದು ಷೋಕೇಸಿನಲ್ಲಿ, ಚೀನೀ ಗೊಂಬೆಯ ಪಕ್ಕದಲ್ಲಿ, ದಸರೆಗೊಮ್ಮೆ ಧೂಳು ಒರೆಸಿಕೊಳ್ಳುತ್ತ ವೈರಾಗ್ಯದಿಂದ ಬಾಳುತ್ತಿತ್ತು. ಮದುವೆಯಾದಂದಿನಿಂದ ಒಂದು ಹನಿ ಪಾಯಸವನ್ನೂ ಕಂಡಿರದ ಆ ಬ್ರಹ್ಮಚಾರಿ ಬಟ್ಟಲನ್ನು ಸರೋಜ ಉಸಿರು ಬಿಗಿಹಿಡಿದು ಹೊರತೆಗೆದಳು.

ಭಾನುವಾರ ಬೆಳಗ್ಗೆಯೇ ಮಕ್ಕಳು ಕಲೆಸಲು ಕೂತರು. ಮಧ್ಯಾಹ್ನದ ಕರೆಂಟನ್ನು ನಂಬುವಂತಿರಲಿಲ್ಲವಾದ್ದರಿಂದ, ಮುಂಚೆಯೇ ಮಾಡಿಟ್ಟುಕೊಳ್ಳುವುದು, ಹುಡುಗಿಯರು ಬಂದಾಗ ಬ್ರೌನಿಯನ್ನು ಕೊಟ್ಟು, ನೀರು ಕುದಿಸಿ ಯಂತ್ರದ ಮಹಿಮೆ ತೋರಿಸುವುದು ಎಂಬುದು ನನ್ನ ಕಾರ್ಖಾನೆ ಬುದ್ಧಿಯ ಯೋಜನೆ. ಚಿತ್ರಾ ಸಕ್ಕರೆ ಹಾಕಿದಳು, ಪುಟ್ಟು ಸಕ್ಕರೆ ತಿಂದ. ಅವಳು ಮತ್ತೆ ಹಾಕಿದಳು, ಅವನು ಮತ್ತೆ ತಿಂದ. ಕೋಕೋ ಪುಡಿ ಬಿದ್ದ ಕೂಡಲೇ ಅವನು ಸೀನಿದ್ದರಿಂದ ಮುಖವೆಲ್ಲ ಕಪ್ಪಾಗಿ, ಸ್ವಲ್ಪ ಹೊತ್ತು ಅವನನ್ನು ಗುರುತು ಹಿಡಿಯುವುದೇ ಕಷ್ಟವಾಯಿತು. ಕಡೆಗೂ ಒಂದು ಹದಕ್ಕೆ ಬಂದ ಹಿಟ್ಟನ್ನು ಬಟ್ಟಲಿಗೆ ಸುರಿದು, ಮಸ್ಕತ್ ಒಲೆಯ ಒಳಗಿಟ್ಟು, ಗುಂಡಿಯನ್ನು ಐದಕ್ಕೆ ತಿರುಗಿಸಿದೆವು. ಬಟ್ಟಲು ಸುತ್ತತೊಡಗಿತು. ನಾವೆಲ್ಲ ಒಂದು ಸುತ್ತು ನೋಡಿದೆವು. ಎಲ್ಲ ಸರಿಯಾಗಿದೆ ಎನ್ನಿಸಿತು. ಸರೋಜ ಚಿತ್ರಾಳನ್ನು ಎಣ್ಣೆ ಸ್ನಾನಕ್ಕೆ ಬಚ್ಚಲುಮನೆಗೆ ಎಳೆದುಕೊಂಡು ಹೋದಳು. ಭಾನುವಾರದ ಸೀಗೆಪುಡಿ ಯಾವ ಬ್ರೌನಿಗೂ ಕಾಯುವುದಿಲ್ಲ. ನಾನು ಬರುವ ಹುಡುಗಿಯರಿಗೆಂದು ಕುರುಕಲು ಖಾರ ತರಲು ಬೇಕರಿಗೆ ಹೊರಟೆ. ಯಂತ್ರದ ಕಾವಲಿಗೆ ಅಮ್ಮ ಮತ್ತು ಪುಟ್ಟು ಉಳಿದರು.

ಇಲ್ಲಿ ನಮ್ಮ ಮನೆಯ ಕಾಲಮಾನದ ಬಗ್ಗೆ ಒಂದು ಮಾತು ಹೇಳಬೇಕು. ಗೋಡೆಯ ಮೇಲೆ ಗಡಿಯಾರವಿತ್ತು, ನಿಜ, ಆದರೆ ಮನೆ ನಡೆಯುತ್ತಿದ್ದದ್ದು ಕುಕ್ಕರಿನ ಕೂಗಿನ ಮೇಲೆ. ಮೊದಲ ಕೂಗಿಗೆ ನಾನು ಬಚ್ಚಲಿಗೆ ಹೋಗಬೇಕು, ಎರಡನೆಯದಕ್ಕೆ ಹೊರಗೆ ಬರಬೇಕು, ಮೂರನೆಯದಕ್ಕೆ ಅಮ್ಮ ಒಲೆ ಆರಿಸಬೇಕು. ಬೇಳೆಗೆ ಮೂರು, ಅನ್ನಕ್ಕೆ ಮೂರು, ಹುರುಳಿಕಾಳಿಗೆ ಸ್ವಲ್ಪ ಜಾಸ್ತಿ. ಒಂದು ಕೂಗಿಗೆ ಒಲೆ ಆರಿಸುವವರು ಅಮ್ಮನ ದೃಷ್ಟಿಯಲ್ಲಿ ಸಂಸಾರ ಮಾಡಲು ಅರ್ಹರೇ ಅಲ್ಲ. ಕೂಗು ಮುಗಿದ ಮೇಲೂ ಪ್ರೆಶರ್ ತಾನಾಗಿ ಇಳಿಯುವವರೆಗೆ ಮುಚ್ಚಳ ಮುಟ್ಟಕೂಡದು. ಪಕ್ಕದ ಬೀದಿಯಲ್ಲಿ ಯಾರೋ ಅವಸರಪಟ್ಟು ತೆಗೆದು ಸೂರಿಗೆಲ್ಲ ಬೇಳೆ ಅಂಟಿಸಿಕೊಂಡದ್ದನ್ನು ಅವಳು ನಮಗೆಲ್ಲ ಮೇಲಿಂದ ಮೇಲೆ ಹೇಳುತ್ತಿದ್ದಳು.

ನಾನು ಖಾರದ ಪೊಟ್ಟಣ ಹಿಡಿದು ಗೇಟು ತೆಗೆಯುವಾಗಲೇ ಒಂದು ವಾಸನೆ ಎದುರ್ಗೊಂಡಿತು. ಮೊದಲು ಬೀದಿಯಲ್ಲಿ ಯಾರೋ ಟೈರು ಸುಡುತ್ತಿದ್ದಾರೆಂದುಕೊಂಡೆ. ಹಾಲಿಗೆ ಕಾಲಿಟ್ಟರೆ, ಅಮ್ಮ ಮಸ್ಕತ್ ಒಲೆಯ ಮುಂದೆ ಮಣೆ ಹಾಕಿಕೊಂಡು, ದ್ವಾರಪಾಲಕಿಯಂತೆ ಕೂತಿದ್ದಾಳೆ. ಬಾಗಿಲಿನ ಸಂದಿಯಿಂದ ಬೂದುಬಣ್ಣದ ಹೊಗೆಯ ಎಳೆಯೊಂದು ಹೊರಟು ಕನಕಾಂಬರದ ದಂಡೆಯನ್ನು ಸವರುತ್ತಿದೆ. ನಾನು ಓಡಿ ಬಾಗಿಲಿಗೆ ಕೈಹಾಕಿದೆ.

"ಮುಟ್ಬೇಡ್ವೋ!" ಅಮ್ಮ ಕಿರುಚಿದಳು. "ಇನ್ನೂ ಪ್ರೆಶರ್ ಇಳಿದಿಲ್ಲ!"

"ಅಮ್ಮಾ, ಇದಕ್ಕೆ ಪ್ರೆಶರ್ರೇ ಇಲ್ಲ!"

"ಇಲ್ದೆ ಏನು? ಮೂರು ಕೂಗು ಕೂಗಿದೆ. ನಾನೇ ಎಣಿಸಿದ್ದೀನಿ. ಪುಟ್ಟೂನ ಕೇಳು ಬೇಕಾದ್ರೆ."

ಪುಟ್ಟು ಹೆಮ್ಮೆಯಿಂದ ಎದೆಯುಬ್ಬಿಸಿ ಮುಂದೆ ಬಂದ. "ಒಂದ್ಸಲ ಟಣ್ ಅಂತು ಅಪ್ಪಾ. ಅಜ್ಜಿ, ಒಂದು ಕೂಗಿಗೆ ಏನ್ ಬೇಯತ್ತೆ, ತಿರುಗ್ಸು ಅಂದ್ಳು. ತಿರುಗ್ಸಿದೆ. ಇನ್ನೊಂದ್ಸಲ ಟಣ್ ಅಂತು. ಆಮೇಲೆ ಇನ್ನೊಂದ್ಸಲ ತಿರುಗ್ಸಿದೆ. ಫುಲ್ ತಿರುಗ್ಸಿದೆ."

ಅಷ್ಟರಲ್ಲಿ ಒದ್ದೆ ತಲೆಗೆ ಟವೆಲು ಸುತ್ತಿಕೊಂಡ ಚಿತ್ರಾ, ಅವಳ ಹಿಂದೆ ಸರೋಜ ಓಡಿಬಂದರು. ಬಾಗಿಲು ತೆಗೆದೆವು. ಹೊಗೆ ಚದುರಿದ ಮೇಲೆ ಬಟ್ಟಲು ಕಂಡಿತು. ಮದುವೆಯ ಗಾಜು ಗಟ್ಟಿಯದೇ, ಬಿರುಕು ಬಿಟ್ಟಿರಲಿಲ್ಲ. ಅದರೊಳಗಿದ್ದ ಪದಾರ್ಥವನ್ನು ಕೇಕೆಂದು ಕರೆಯಲು ತೀರ ಔದಾರ್ಯ ಬೇಕಾಗಿತ್ತು. ಸರೋಜ ಚಾಕು ಹಾಕಿದಳು, ಚಾಕು ಬಾಗಿತು. ನಾನು ಸ್ಕ್ರೂಡ್ರೈವರ್ ತಂದೆ. ಅದು ಒಂದು ಸಣ್ಣ ಚೂರನ್ನು ಎಬ್ಬಿಸಿತು, ಆ ಚೂರು ಹಾರಿ ಟೀವಿಗೆ ಬಡಿದು ಲೋಹದ ಸದ್ದು ಮಾಡಿತು. ಬಟ್ಟಲನ್ನು ಬೋರಲು ಹಾಕಿ ತಟ್ಟಿದಾಗ ಇಡೀ ಬ್ರೌನಿ ಒಂದೇ ಬಿಲ್ಲೆಯಾಗಿ ನೆಲಕ್ಕೆ ಬಿದ್ದು, ಉರುಳಿಕೊಂಡು ಹೋಗಿ ಸೋಫಾದ ಕೆಳಗೆ ಅಡಗಿಕೊಂಡಿತು. ಪುಟ್ಟು ಒಬ್ಬನೇ ಚಪ್ಪಾಳೆ ತಟ್ಟಿದ.

ಚಿತ್ರಾ ಅಳಲಿಲ್ಲ. ಅಳುವುದಕ್ಕೂ ಮುಂಚಿನ ಒಂದು ಸ್ಥಿತಿ ಇರುತ್ತದಲ್ಲ, ಮುಖ ಕೆಂಪಾಗಿ ಮಾತು ಕಟ್ಟಿಹೋಗುವುದು, ಅದರಲ್ಲಿದ್ದಳು. ಆಮೇಲೆ ಅಜ್ಜಿಯ ಕಡೆ ತಿರುಗಿ, "ಎಲ್ಲಾ ನಿನ್ನಿಂದ್ಲೇ! ನಿಂಗೇನೂ ಗೊತ್ತಾಗಲ್ಲ ಅಜ್ಜಿ! ಅದು ಕುಕ್ಕರ್ ಅಲ್ಲ! ಇನ್ನು ನನ್ನ ಎಲ್ರೂ ಬುರುಡೆ ಅಂತಾರೆ!" ಎಂದು ಕೂಗಿ, ರೂಮಿನೊಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅಮ್ಮನನ್ನು ಎದುರಾಡಿ ಗೆದ್ದವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಹಾಲಿನವನು, ತರಕಾರಿಯವನು, ಬಸ್ಸಿನ ಕಂಡಕ್ಟರು, ನಾನು, ಎಲ್ಲರೂ ಸೋತವರೇ. ಆದರೆ ಆಗ ಅವಳು ಮುಚ್ಚಿದ ಬಾಗಿಲನ್ನು ಸ್ವಲ್ಪ ಹೊತ್ತು ನೋಡಿ, ಬಗ್ಗಿ, ಸೋಫಾದ ಕೆಳಗಿನಿಂದ ಬಿಲ್ಲೆಯನ್ನು ತೆಗೆದು, ಸೆರಗಿನಲ್ಲಿ ಒರೆಸಿ, ಹಿತ್ತಲಿಗೆ ಹೋದಳು. ಅವಳ ನಡಿಗೆಯಲ್ಲಿ ಯಾವತ್ತಿನ ಬಿರುಸಿರಲಿಲ್ಲ. ನನಗೆ ಮಗಳ ಮೇಲೆ ಸಿಟ್ಟು ಬಂತು, ಅಮ್ಮನನ್ನು ನೋಡಿ ಸಂಕಟವಾಯಿತು, ಜೊತೆಗೆ ಮಗಳು ಹೇಳಿದ್ದು ನಿಜವಲ್ಲವೇ ಎಂದೂ ಅನ್ನಿಸಿತು. ಇಂಥ ಸಮಯದಲ್ಲಿ ಗಂಡಸರು ಮಾಡುವುದನ್ನೇ ನಾನೂ ಮಾಡಿದೆ. ಯಂತ್ರದ ಪುಸ್ತಿಕೆಯನ್ನು ತೆಗೆದುಕೊಂಡು ಆಳವಾಗಿ ಓದತೊಡಗಿದೆ. ಅರ್ಧ ಪುಟ ಓದಿದ ಮೇಲೆ ಅದು ಅರಬ್ಬೀ ಭಾಷೆಯ ಪುಟವೆಂದು ಗೊತ್ತಾಯಿತು.

ಹಿತ್ತಲಿನಿಂದ ಧಡ್ ಧಡ್ ಎಂಬ ಸದ್ದು ಬರತೊಡಗಿತು. ಅಮ್ಮ ಸಿಟ್ಟನ್ನು ಬಟ್ಟೆ ಒಗೆದು ತೀರಿಸಿಕೊಳ್ಳುತ್ತಿರಬೇಕೆಂದು ನಾವು ಆ ಕಡೆ ಹೋಗುವ ಧೈರ್ಯ ಮಾಡಲಿಲ್ಲ.

ಊಟವಾದ ಕೆಲಹೊತ್ತಿಗೆ ಗೇಟು ಸದ್ದಾಯಿತು. ವಾಣಿಯ ನೇತೃತ್ವದಲ್ಲಿ ಹುಡುಗಿಯರ ತಂಡ ಬಂದೇಬಿಟ್ಟಿತು. ಚಿತ್ರಾ ರೂಮಿನಿಂದ ಹೊರಗೆ ಬಂದು, ವಿಚಾರಣೆಗೆ ಹಾಜರಾದವಳಂತೆ ಗೋಡೆಗೆ ಒರಗಿ ನಿಂತಳು. ಕೋಕೋ ಪುಡಿ ಖಾಲಿ, ಬ್ರೌನಿ ಹಿತ್ತಲು ಪಾಲು, ಉಳಿದವನು ನಾನೊಬ್ಬ. ಗಂಟಲು ಸರಿಮಾಡಿಕೊಂಡು ನನ್ನ ಸಂಜೆಯ ಕಾರ್ಯಕ್ರಮವನ್ನು ಆರಂಭಿಸಿದೆ.

"ನೋಡಿ ಮಕ್ಕಳೇ, ಈಗ ಈ ಲೋಟದ ನೀರು ಬೆಂಕಿಯೇ ಇಲ್ಲದೆ ಕುದಿಯುತ್ತೆ!"

"ನೀರು ಕಾಯ್ಸಕ್ಕೆ ನಮ್ಮನೇಲಿ ಬಾಯ್ಲರ್ ಇದೆ ಅಂಕಲ್," ಎಂದಳು ವಾಣಿ. "ಕೇಕ್ ಎಲ್ಲಿ?"

ಆ ಪ್ರಶ್ನೆಗೆ ಉತ್ತರ ಹುಡುಕಲು ನನಗೆ ಕಾಲಾವಕಾಶ ಬೇಕಾಗಿದ್ದದ್ದರಿಂದ ಗುಂಡಿ ತಿರುಗಿಸಿದೆ. ಲೋಟ ಒಂದು ಸುತ್ತು ಹಾಕಿತು, ಎರಡನೆಯ ಸುತ್ತಿನ ನಡುವೆ ಕರೆಂಟು ಹೋಯಿತು. ಫ್ಯಾನು ನಿಧಾನವಾಗಿ ನಿಂತಿತು. ಒಳಗೆ ಕೈಹಾಕಿ ಲೋಟ ಮುಟ್ಟಿ ನೋಡಿದ ಹುಡುಗಿಯೊಬ್ಬಳು "ತಣ್ಣಗಿದೆ ಕಣೇ," ಎಂದು ವರದಿ ಮಾಡಿದಳು. ವಾಣಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಕರೆಂಟ್ ಹೋಗಿದ್ದಾ ಅಂಕಲ್, ನೀವೇ ಆರಿಸಿದ್ದಾ?" ಎಂದಳು. ಬುರುಡೆ ಎಂಬ ಪದ ಅವಳ ನಾಲಿಗೆಯ ತುದಿಗೆ ಬಂದು ಕೂತಿದ್ದದ್ದು ನನಗೆ ಕಣ್ಣಾರೆ ಕಾಣುತ್ತಿತ್ತು, ಮತ್ತು ಅದು ಮಗಳೊಬ್ಬಳಿಗೇ ಸಾಲದೆಂದು ನನಗೂ ಒಂದಿಷ್ಟು ಮೀಸಲಾಗಿತ್ತು.

ಅದೇ ಹೊತ್ತಿಗೆ ಸರೋಜ ಅಡಿಗೆಮನೆಯಿಂದ ಒಂದು ತಟ್ಟೆ ಹಿಡಿದು ಬಂದಳು. ಅವಳ ಮುಖದಲ್ಲೂ ಆಶ್ಚರ್ಯವಿತ್ತು. ತಟ್ಟೆಯ ತುಂಬ ನಿಂಬೆಹಣ್ಣಿನ ಗಾತ್ರದ, ಕಡುಕಂದು ಬಣ್ಣದ, ತುಪ್ಪದಲ್ಲಿ ಮಿರಿಮಿರಿ ಮಿಂಚುವ ಉಂಡೆಗಳು. ಹಿತ್ತಲಿನ ಧಡ್ ಧಡ್ ಏನೆಂದು ನನಗೆ ಆಗ ಹೊಳೆಯಿತು. ಅಮ್ಮ ಆ ಬಿಲ್ಲೆಯ ಸೀದ ಭಾಗವನ್ನೆಲ್ಲ ಹೆರೆದು ತೆಗೆದು, ಉಳಿದದ್ದನ್ನು ಗುಂಡುಕಲ್ಲಿನಿಂದ ಒಡೆದು, ಕುಟ್ಟಾಣಿಯಲ್ಲಿ ಕುಟ್ಟಿ, ಜರಡಿ ಹಿಡಿದು, ಬಿಸಿ ತುಪ್ಪ, ಹಾಲು, ಕೊಬ್ಬರಿ, ಏಲಕ್ಕಿ ಹಾಕಿ ಕಟ್ಟಿದ್ದಳು. ಅಡಿಗೆಮನೆಯ ಬಾಗಿಲ ಹಿಂದೆ ಅವಳ ಸೀರೆಯ ಅಂಚು ಮಾತ್ರ ಕಾಣುತ್ತಿತ್ತು. ಅವಳು ಹೊರಗೆ ಬರಲಿಲ್ಲ.

"ಇದು ಕೇಕಾ?" ವಾಣಿಯ ಹುಬ್ಬು ಮೇಲೇರಿತು. "ಇದು ಉಂಡೆ ಥರ ಇದೆ."

ನಾನು ತಕ್ಷಣ ರಂಗಕ್ಕಿಳಿದೆ. "ಅದು ಏನಪ್ಪಾ ಅಂದ್ರೆ, ಮಸ್ಕತ್ ಕಡೆ ಬ್ರೌನೀನ ಗುಂಡಗೇ ಮಾಡೋದು. ಚೌಕ ಎಲ್ಲ ಹಳೇ ಕಾಲದ್ದು. ಈಗಿನ ಫ್ಯಾಷನ್ನು..."

"ಇಲ್ಲ ಅಪ್ಪ," ಎಂದಳು ಚಿತ್ರಾ.

ಗೋಡೆ ಬಿಟ್ಟು ಮುಂದೆ ಬಂದಿದ್ದಳು. ಅವಳು ಒಮ್ಮೆ ತಟ್ಟೆಯನ್ನು ನೋಡಿದಳು, ಒಮ್ಮೆ ಬಾಗಿಲ ಹಿಂದಿನ ಸೀರೆಯ ಅಂಚನ್ನು ನೋಡಿದಳು. ನನ್ನ ಸುಳ್ಳು ಅಷ್ಟೇನೂ ಕೆಟ್ಟದಾಗಿರಲಿಲ್ಲ. ಸ್ವಲ್ಪ ಹಿಡಿದು ನಿಲ್ಲಿಸಿದ್ದರೆ ಆ ಮಧ್ಯಾಹ್ನದ ಮಟ್ಟಿಗೆ ನಿಲ್ಲುತ್ತಿತ್ತು. ಅವಳು ಅದನ್ನು ಹಿಡಿಯಲಿಲ್ಲ.

"ಮಸ್ಕತ್ದೂ ಅಲ್ಲ, ಏನೂ ಅಲ್ಲ ಕಣೇ ವಾಣಿ. ನಾವು ದಿನಾನೂ ಕೇಕ್ ತಿನ್ನಲ್ಲ. ಇವತ್ತೇ ಫಸ್ಟ್ ಮಾಡಿದ್ದು, ಅದೂ ಕಲ್ಲಾಗ್ಹೋಯ್ತು. ಇದು ಮಿಷನ್ ಮಾಡಿದ್ದಲ್ಲ. ನಮ್ಮಜ್ಜಿ ಕುಟ್ಟಿ ಉಂಡೆ ಮಾಡಿದ್ದು. ಬೇಕಾದ್ರೆ ತಿನ್ನಿ, ಬೇಡದಿದ್ರೆ ಬುರುಡೆ ಅಂತ ಕರ್ಕೊಳ್ಳಿ."

ಬಾಗಿಲ ಹಿಂದಿನ ಸೀರೆಯ ಅಂಚು ಅಲುಗಾಡದೆ ನಿಂತಿತು. ವಾಣಿ ಒಂದು ಉಂಡೆ ತೆಗೆದುಕೊಂಡು, ನ್ಯಾಯಾಧೀಶರ ಗಾಂಭೀರ್ಯದಿಂದ ಮೂಲೆ ಕಚ್ಚಿದಳು. ಉಂಡೆಗೆ ಮೂಲೆಯಿಲ್ಲವಾದರೂ ಅವಳು ಕಚ್ಚಿದ ರೀತಿ ಹಾಗಿತ್ತು. ಅಗಿದಳು. ಉಳಿದ ಹುಡುಗಿಯರು ಅವಳ ದವಡೆಯನ್ನೇ ನೋಡುತ್ತಿದ್ದರು. ಅವಳು ಅದನ್ನು ಮುಗಿಸಿ ಇನ್ನೊಂದನ್ನು ತೆಗೆದುಕೊಂಡಳು. ಅದು ತೀರ್ಪೆಂದು ತಿಳಿದು ಉಳಿದವರೆಲ್ಲ ಒಟ್ಟಿಗೆ ತಟ್ಟೆಯ ಮೇಲೆ ಬಿದ್ದರು. ನನ್ನ ಪಾಲಿಗೆಂದು ಕೈಚಾಚಿದವನಿಗೆ ಪುಟ್ಟುವಿನ ತಲೆ ಮಾತ್ರ ಸಿಕ್ಕಿತು. ಸುಟ್ಟ ಸಕ್ಕರೆಯ ಒಗರು, ಕೊಬ್ಬರಿ, ಏಲಕ್ಕಿ, ಎಲ್ಲ ಸೇರಿ ಬಂದಿದ್ದ ಆ ರುಚಿಯನ್ನು ನಾನು ಅವನ ಬೆರಳಿನಿಂದ ಒಂದಿಷ್ಟು ಕಿತ್ತುಕೊಂಡು ನೋಡಿದೆ. ಪುಸ್ತಿಕೆಯ ಚಿತ್ರಕ್ಕೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ, ಬಹಳ ಚೆನ್ನಾಗಿತ್ತು.

"ಏ ಚಿತ್ರಾ," ಬಾಯಿ ತುಂಬಿಕೊಂಡೇ ವಾಣಿ ಹೇಳಿದಳು, "ನಿಮ್ಮಜ್ಜೀನ ಒಂದಿನ ನಮ್ಮನೆಗೆ ಕಳಿಸ್ತೀಯಾ? ನಮ್ಮನೇಲೂ ದಿನಾ ಏನಾದ್ರೂ ಒಂದು ಸೀದ್ಹೋಗುತ್ತೆ. ನಮ್ಮಮ್ಮ ಎಲ್ಲಾ ಚೆಲ್ಬಿಡ್ತಾರೆ."

ಬುರುಡೆಯ ವಿಷಯವನ್ನು ಆಮೇಲೆ ಯಾರೂ ಎತ್ತಲಿಲ್ಲ. ಅವರೆಲ್ಲ ಹಿತ್ತಲಿಗೆ ನುಗ್ಗಿ ಕುಟ್ಟಾಣಿಯನ್ನು ನೋಡಿದರು, ಸರದಿಯಂತೆ ಕುಟ್ಟಿದರು, ಒಬ್ಬಳು ಬೆರಳು ಜಜ್ಜಿಕೊಂಡಳು. ಮಸ್ಕತ್ ಒಲೆಯ ಕಡೆ ಯಾರೂ ತಿರುಗಿಯೂ ನೋಡಲಿಲ್ಲ. ಅವರೆಲ್ಲ ಮನೆಗೆ ಹೊರಟ ಮೇಲೆ ಕರೆಂಟು ಬಂದಾಗ ನಾನೊಬ್ಬನೇ ಅದರ ಮುಂದೆ ನಿಂತು, ಅರ್ಧಕ್ಕೆ ನಿಂತಿದ್ದ ನೀರನ್ನು ಕುದಿಸಿ ಮುಗಿಸಿದೆ. ಸುಳ್ಳನ್ನು ಕಟ್ಟಿ ಮಗಳ ಮಾನ ಕಾಯಲು ಹೊರಟ ನನಗಿಂತ, ಮಾನ ಹೋದರೆ ಹೋಗಲಿ ಎಂದು ಅಜ್ಜಿಯ ಪಕ್ಕ ನಿಂತ ಅವಳು ಎಷ್ಟು ದೊಡ್ಡವಳು ಎಂದುಕೊಂಡು ನನಗೆ ತುಂಬ ಹೆಮ್ಮೆಯಾಯಿತು. ನನ್ನ ಮಗಳು ಸತ್ಯವಂತೆ ಎಂದು ಸರೋಜಳಿಗೆ ಹೇಳಲು ಅಡಿಗೆಮನೆಗೆ ಹೋದೆ.

ಅಲ್ಲಿ ಸರೋಜ ಗಾಜಿನ ಬಟ್ಟಲನ್ನು ಹುಣಿಸೆಹಣ್ಣು ಹಾಕಿ ಉಜ್ಜುತ್ತಿದ್ದಳು. ಅಮ್ಮ ಮಣೆಯ ಮೇಲೆ ಕೂತಿದ್ದಳು. ಅವಳ ತೊಡೆಗೆ ಒರಗಿ, ಸ್ನಾನವಾದಾಗಿನಿಂದ ಬಾಚದ ಕೂದಲನ್ನು ಹರಡಿಕೊಂಡು ಚಿತ್ರಾ ಕೂತಿದ್ದಳು. ಅಮ್ಮ ಸಿಕ್ಕು ಬಿಡಿಸುತ್ತಿದ್ದಳು. ಬೆಳಗಿನ ಮಾತನ್ನು ಇಬ್ಬರೂ ಎತ್ತಿರಲಿಲ್ಲ ಎಂದು ನೋಡಿದರೇ ತಿಳಿಯುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಅಮ್ಮ, ಬಾಚಣಿಗೆಯನ್ನು ನಿಲ್ಲಿಸಿ, ಯಾವತ್ತೂ ಇಲ್ಲದ ಒಂದು ಸಣ್ಣ ದನಿಯಲ್ಲಿ ಕೇಳಿದಳು.

"ನಿಜ ಹೇಳೇ ಪುಟ್ಟಿ. ಅದಕ್ಕೆ ಎಷ್ಟು ಕೂಗು ಬೇಕಾಗಿತ್ತು?"

ಸರೋಜಳ ಕೈ ಬಟ್ಟಲಿನ ಮೇಲೆ ನಿಂತಿತು. ನಾನು ಬಾಗಿಲಲ್ಲೇ ನಿಂತೆ. ಒಂದು ಗಂಟೆಯ ಹಿಂದಷ್ಟೇ ಸತ್ಯಕ್ಕಾಗಿ ತನ್ನ ಇಡೀ ಶಾಲಾಜೀವನವನ್ನು ಪಣವಿಟ್ಟಿದ್ದ ನನ್ನ ಮಗಳು ತಲೆ ಎತ್ತಿ, ಅಜ್ಜಿಯ ಕಣ್ಣಲ್ಲಿ ಕಣ್ಣಿಟ್ಟು, ರೆಪ್ಪೆ ಕೂಡ ಅಲುಗಿಸದೆ ಹೇಳಿದಳು.

"ಮೂರೇ ಅಜ್ಜಿ. ಸರಿಯಾಗಿ ಮೂರು."

ಅಮ್ಮ ಬಾಚಣಿಗೆಯನ್ನು ಮತ್ತೆ ಕೂದಲಿಗೆ ಹಾಕಿ, ನನ್ನ ಕಡೆ ತಿರುಗಿ, ತನ್ನ ಹಳೆಯ ಗಟ್ಟಿ ದನಿಯಲ್ಲೇ, "ಕೇಳಿಸ್ಕೊಂಡ್ಯೇನೋ? ಕಾರ್ಖಾನೇಲಿ ಇದ್ದೀಯ, ಇಷ್ಟೂ ಗೊತ್ತಾಗ್ಲಿಲ್ಲ," ಎಂದಳು. ಗೊತ್ತಾಗಲಿಲ್ಲ ಎಂದು ನಾನೂ ಒಪ್ಪಿಕೊಂಡೆ. ಆ ಯಂತ್ರ ನಮ್ಮ ಮನೆಯಲ್ಲಿ ಇದ್ದಷ್ಟು ಕಾಲವೂ ಬ್ರೌನಿ ಮೂರು ಕೂಗು ಕೂಗಿದ ಮೇಲೆಯೇ ಹೊರಗೆ ಬರುತ್ತಿತ್ತು, ಬಂದು ನೇರವಾಗಿ ಹಿತ್ತಲಿಗೆ ಹೋಗಿ ಕುಟ್ಟಿಸಿಕೊಳ್ಳುತ್ತಿತ್ತು.